ಕುಕ್ಕರಿನ ಮುಚ್ಚಳ, ಒಂದು

ನಮ್ಮ ಕೇಂದ್ರದ ಗೋಡೆಯ ವೇಳಾಪಟ್ಟಿಯಲ್ಲಿ ಪ್ರಾರ್ಥನೆಗೆ, ಊಟಕ್ಕೆ, ಬಟ್ಟೆ ಒಗೆಯುವುದಕ್ಕೆ, ಆಪ್ತಸಮಾಲೋಚನೆಗೆ ಸಮಯ ಗೊತ್ತುಮಾಡಿದ್ದೇವೆ. ನಗುವುದಕ್ಕೆ ಮಾಡಿಲ್ಲ. ಆದರೂ ವಾರಕ್ಕೆ ಒಂದೆರಡು ಸಲ ನಗು ಬಂದೇ ಬರುತ್ತದೆ, ಅದೂ ಬರಬಾರದ ಹೊತ್ತಿನಲ್ಲಿ.

ಕುಂದಾಪುರದ ಈ ಕುಟುಂಬ ಸಹಾಯ ಕೇಂದ್ರದಲ್ಲಿ ನಾನು ಮೇಟ್ರನ್. ಅತ್ತ ಬೈಂದೂರಿನಿಂದ ಇತ್ತ ಬ್ರಹ್ಮಾವರದವರೆಗೆ, ಮನೆಯಲ್ಲಿ ಇರಲಾಗದ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಕಂಡದ್ದನ್ನು ಕಂಡಂತೆ, ಶಾಯಿಯಲ್ಲಿ, ಚಿತ್ತಿಲ್ಲದೆ ಬರೆದಿಡಬೇಕೆಂದು ಅಲ್ಲಿ ಕಲಿಸಿದ್ದಾರೆ. ಒಬ್ಬ ತಾಯಿ ಮತ್ತು ಅವಳ ಏಳು ವರ್ಷದ ಮಗಳು ನಮ್ಮಲ್ಲಿದ್ದ ಮೂರು ತಿಂಗಳ ಕೆಲವು ಪ್ರಸಂಗಗಳು ಇವು.

ತಂದ ಸಾಮಾನು

ಅವರಿಬ್ಬರೂ ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ, ರಿಕ್ಷಾದಲ್ಲಿ. ತಾಯಿಯ ಎಡಗಣ್ಣು ಊದಿ ಮುಚ್ಚಿತ್ತು. ಗಂಡ ಮೀನಿನ ಟೆಂಪೊ ಓಡಿಸುವವನು. ಮಗಳು ಮಾತನಾಡುತ್ತಿರಲಿಲ್ಲ. ಸೇರುವವರು ತಂದ ಸಾಮಾನನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ನಮ್ಮ ನಿಯಮ. ತಾಯಿ ಸೆರಗಿನೊಳಗಿಂದ ಪ್ರೆಶರ್ ಕುಕ್ಕರಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಬೇರೆ ಏನೂ ಇರಲಿಲ್ಲ. ಬಟ್ಟೆ ಇಲ್ಲ, ಆಧಾರ್ ಕಾರ್ಡ್ ಇಲ್ಲ.

"ಕುಕ್ಕರ್ ಎಲ್ಲಿ?" ಎಂದೆ.

"ಅವ್ರ್ ಹತ್ರವೇ ಇತ್ತ್."

"ಬರಿ ಮುಚ್ಚಳ ಯಾಕೆ ತಂದೆ?"

ಅವಳು ಒಂದೇ ಕಣ್ಣಿನಿಂದ ನನ್ನನ್ನು ನೋಡಿದಳು. "ಅನ್ನ ಬೆಂದಿಲ್ಲೆ ಅಂದ್ ಹೊಡ್ದದ್ ಅಮ್ಮ. ಇನ್ ಅವ್ರೇ ಬೇಯ್ಸ್ಕಣ್ಲಿ, ಕಾಂಬ."

ಕುಕ್ಕರಿನ ಮುಚ್ಚಳ, ಒಂದು ಎಂದು ಬರೆದೆ. ಷರಾ ಕಾಲಮಿನಲ್ಲಿ 'ವಿಸಿಲ್ ಸಹಿತ' ಎಂದೂ ಸೇರಿಸಿದೆ.

ಗಂಟೆ

ಊಟಕ್ಕೆ ನಾನು ಹಿತ್ತಾಳೆಯ ಗಂಟೆ ಬಾರಿಸುತ್ತೇನೆ. ಬಾರಿಸುವುದೆಂದರೆ ಬಾರಿಸುವುದೇ, ಕೆಳಗಿನ ಬೀದಿಯ ಅಂಗಡಿಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಮೊದಲ ದಿನ ಗಂಟೆಯಾದಾಗ ಆ ಹುಡುಗಿ ಊಟದ ಮೇಜಿನ ಕೆಳಗೆ ನುಗ್ಗಿದಳು. ಎಳೆದು ಕೂರಿಸಿದೆ. ಎರಡನೆಯ ದಿನವೂ ಅದೇ. ನಾಲ್ಕು ದಿನ ಅವಳ ಹೆಸರಿನ ಮುಂದೆ 'ಅಶಿಸ್ತು' ಎಂದು ಬರೆದೆ, ಕೆಂಪು ಶಾಯಿಯಲ್ಲಿ.

ಐದನೆಯ ದಿನ ತಾಯಿ ಬಂದು ನಿಂತಳು. "ಅಮ್ಮ, ಬೈಬೇಡಿ. ಅವ್ಳ ಅಪ್ಪಯ್ಯ ಮನಿಗ್ ಬಂದ್ಕೂಡ್ಲೆ ಬಟ್ಲ್ ಬಡೀತಿದ್ರ್. ಆ ಶಬ್ದ ಕೇಂಡ್ರೆ ಇದ್ ಮಂಚದ್ ಅಡಿಗ್ ಹೋತಿತ್ತ್. ನಾನೇ ಕಲ್ಸಿದ್ದ್."

ಆ ನಾಲ್ಕು ಕೆಂಪು ಸಾಲುಗಳನ್ನು ನಾನೇ ಹೊಡೆದುಹಾಕಿದೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಪುಸ್ತಕದಲ್ಲಿ ಬಿದ್ದ ಮೊದಲ ಚಿತ್ತು ಅದು. ಗಂಟೆಯನ್ನು ಬೀರುವಿನಲ್ಲಿ ಮುಚ್ಚಳದ ಪಕ್ಕದಲ್ಲಿಟ್ಟೆ. ಮರುದಿನದಿಂದ ಬಾಗಿಲಲ್ಲಿ ನಿಂತು, ನನ್ನಿಂದಾದಷ್ಟು ಮೆತ್ತಗೆ, "ಊಟಕ್ಕೆ ಬನ್ನಿ" ಎಂದು ಕರೆಯತೊಡಗಿದೆ.

ಹಾಗೆ ಕರೆಯತೊಡಗಿದ ಮೂರನೆಯ ದಿನ ಹೆಂಗಸರೆಲ್ಲ ಸೇರಿ ಕೋಟದ ಕಡೆಯ ಒಬ್ಬ ಹಿರಿಯಳನ್ನು ನನ್ನ ಬಳಿ ಕಳಿಸಿದರು. "ಅಮ್ಮ, ತಪ್ ತಿಳ್ಕಣ್ಬೇಡಿ. ನೀವ್ ಮೆತ್ತಗ್ ಕರ್ದ್ರೆ ನಮಗ್ ಹೆದ್ರಿಕಿ ಆತ್ತ್. ಗಂಟಿಯೇ ಅಡ್ಡಿಲ್ಲೆ ಇದ್ದಿತ್."

ದಾನಿಗಳು

ಮುಂಬೈಯಲ್ಲಿ ಹೋಟೆಲಿರುವ ಒಬ್ಬರು ತಮ್ಮ ಹುಟ್ಟುಹಬ್ಬಕ್ಕೆಂದು ಕೇಕ್ ತಂದರು. ಮಕ್ಕಳ ಮುಖದ ಫೋಟೊ ತೆಗೆಯುವಂತಿಲ್ಲ ಎಂದೆ. ಅವರು ಬಹಳ ಯೋಚಿಸಿ, ಮಕ್ಕಳನ್ನೆಲ್ಲ ಗೋಡೆಗೆ ಮುಖಮಾಡಿ ನಿಲ್ಲಿಸಿ, ಬೆನ್ನುಗಳ ಮುಂದೆ ಕೇಕ್ ಹಿಡಿದು ಫೋಟೊ ತೆಗೆಸಿಕೊಂಡರು. ಶಿಕ್ಷೆಗೆ ನಿಲ್ಲಿಸಿದ ತರಗತಿಯ ಹಾಗಿತ್ತು.

ಅವರ ಹೆಂಡತಿ ಕಪ್ಪು ಕನ್ನಡಕ ಹಾಕಿದ್ದರು. ಒಳಗೆ ಬಂದರೂ ತೆಗೆಯಲಿಲ್ಲ. ಗಂಡ ಭಾಷಣ ಮಾಡುತ್ತಿದ್ದಾಗ ನನ್ನ ಹತ್ತಿರ ಬಂದು, "ಇಲ್ಲಿ ಸೇರುವುದಕ್ಕೆ ಏನೇನು ಬೇಕು? ನಮ್ಮ ಪರಿಚಯದವರೊಬ್ಬರಿಗೆ" ಎಂದು ಕೇಳಿದರು.

ನಾನು ನಿಯಮಗಳನ್ನು ಹೇಳುವ ಮೊದಲೇ, ತಟ್ಟೆ ಹಂಚುತ್ತಿದ್ದ ಆ ಹುಡುಗಿಯ ತಾಯಿ ಅವರ ಕನ್ನಡಕವನ್ನೊಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. "ಕಿಟ್ಕಿ ಬದಿ ಮಂಚ ಒಳ್ಳೇದ್ ಇತ್ತ್ ಅಕ್ಕ, ಫ್ಯಾನಿನ ಗಾಳಿ ಬತ್ತ್. ಬಪ್ಪ ಹೊತ್ತಿಗೆ ಕುಕ್ಕರ್ ಪೂರ್ತಿ ತಕಂಡ್ ಬನ್ನಿ."

ಮನೆ ಪರಿಶೀಲನೆ

ನಮ್ಮಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಆಮೇಲೆ ತಾಯಿ, ಮಗಳು ಗಂಡನ ಮನೆಗೆ ಹೋಗಬೇಕು, ಇಲ್ಲವೆ ವಂಡ್ಸೆಯಲ್ಲಿದ್ದ, ತಾಯಿಯ ಕಡೆಯ ಅಜ್ಜಿಯ ಮನೆಗೆ. ಅಜ್ಜಿಯ ಮನೆ ಸರಿಯಿಲ್ಲವೆಂದು ನಾನು ಬರೆದರೆ, ಗಂಡನ ಮನೆಗೂ ಕಳಿಸಲಾಗದಿದ್ದರೆ, ಮಗಳು ಮಕ್ಕಳ ವಸತಿಗೆ, ತಾಯಿ ಬೇರೆ ಕಡೆಗೆ. ಹಾಗಾಗಿ ನಾನು ಫಾರಂ ಹಿಡಿದು ಬಸ್ಸಿನಲ್ಲಿ ವಂಡ್ಸೆಗೆ ಹೋದೆ.

ಒಂದು ಕೋಣೆ, ಒಂದು ಅಡಿಗೆಮನೆ. ಆದರೆ ಒಳಗೆ ಮಂಚ, ಟೇಬಲ್ ಫ್ಯಾನ್, ಓದುವ ಮೇಜು, ಮೆತ್ತೆಯ ಕುರ್ಚಿ. ಮೆಚ್ಚುಗೆಯಾಯಿತು. ಕುರ್ಚಿಯಲ್ಲಿ ಕುಳಿತು ಫಾರಂ ತುಂಬಿಸುತ್ತಿದ್ದಾಗ ನೆರೆಮನೆಯಾಕೆ ಬಾಗಿಲಲ್ಲಿ ಬಂದು ನಿಂತರು.

"ಹ್ವಾಯ್, ಎಂತ ಬೇಕಿತ್ತ್?" ಎಂದಳು ಅಜ್ಜಿ, ಕಣ್ಸನ್ನೆ ಮಾಡುತ್ತ.

"ಎಂತ ಇಲ್ಲೆ. ಅವ್ರ್ ನಿಧಾನ್ಕೆ ಕೂಕಣ್ಲಿ. ಎದ್ದ್ ಮೇಲೆ ಕುರ್ಚಿ ತಕಂಡ್ ಹೋತೆ."

ನಾನು ಪೆನ್ನು ನಿಲ್ಲಿಸಿದೆ. ಮಂಚ ಆಚೆ ಮನೆಯದು, ಫ್ಯಾನು ಈಚೆ ಮನೆಯದು, ಮೇಜು ಅಂಗಡಿಯವರದು. ಅಜ್ಜಿ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡಳು. ಸುಳ್ಳನ್ನು ನಾನು ಸಹಿಸುವವಳಲ್ಲ. ಸಿಟ್ಟಿನಲ್ಲಿ ಎದ್ದು ಬಾಗಿಲಿಗೆ ಬಂದೆ. ಬಾಗಿಲಿಗೆ ಒಳಗಿನಿಂದ ಮೂರು ಚಿಲಕಗಳಿದ್ದವು. ಮೂರೂ ಹೊಸವು; ಸ್ಕ್ರೂಗಳಿಗೆ ಇನ್ನೂ ಮರದ ಪುಡಿ ಅಂಟಿತ್ತು.

"ಇವು ಯಾರ ಮನೆಯವು?"

"ಅದ್ ನಮ್ದೇ ಅಮ್ಮ. ಚಿಲ್ಕ ಯಾರೂ ಎರವಲು ಕೊಡ್ತಿಲ್ಲೆ."

ಫಾರಮಿನ ಹನ್ನೊಂದು ಪ್ರಶ್ನೆಗಳಲ್ಲಿ ಹತ್ತಕ್ಕೆ 'ಇಲ್ಲ' ಎಂದು ಬರೆದೆ. ಹನ್ನೊಂದನೆಯದು 'ಮಗುವಿಗೆ ಇದು ಸುರಕ್ಷಿತವೇ?' ಎಂದಿತ್ತು. 'ಹೌದು, ಮೂರು ಸಲ' ಎಂದು ಬರೆದೆ.

ಮಾತುಕತೆ

ಕೊನೆಯ ದಿನ ತೀರ್ಮಾನಕ್ಕಾಗಿ ಮಕ್ಕಳ ಕಲ್ಯಾಣ ಸಮಿತಿಯ ಮೇಡಂ ಬಂದರು. ಗಂಡ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ತನ್ನ ಸೋದರಮಾವನನ್ನು ಕರೆತಂದಿದ್ದ. ಅಜ್ಜಿಯೂ ಬಂದಿದ್ದಳು. ಎಲ್ಲರೂ ಊಟದ ಮೇಜಿನ ಸುತ್ತ ಕುಳಿತರು. ಸೋದರಮಾವ ಒಳ್ಳೆಯ ಮಾತುಗಾರ. "ಸಂಸಾರ ಅಂದ್ಮೇಲೆ ಒಂದ್ ಮಾತ್ ಬತ್ತ್, ಒಂದ್ ಹೋತ್ತ್. ಹುಡ್ಗ ಈಗ ಕುಡೂದ್ ಬಿಟ್ಟಿದ" ಎಂದ. ಗಂಡ ಕೈಮುಗಿದ. ನನ್ನ ವರದಿಯ ಹತ್ತು 'ಇಲ್ಲ'ಗಳ ಮೇಲೆ ಮೇಡಂ ಬೆರಳಾಡಿಸುತ್ತಿದ್ದರು. 'ಒಮ್ಮೆ ಒಟ್ಟಿಗೆ ಇದ್ದು ನೋಡಬಹುದು' ಎಂದು ಬರೆಯಲು ಪೆನ್ನಿನ ಟೊಪ್ಪಿ ತೆಗೆದದ್ದೂ ಆಯಿತು. ತಾಯಿಯ ಕೈ ಮಗಳ ಕೈಯನ್ನು ಹಿಡಿದಿದ್ದ ಬಿಗಿಗೆ ಮಗುವಿನ ಬೆರಳುಗಳು ಬಿಳಿಚಿದ್ದವು.

ಬರೆಯುವ ಮೊದಲು ಮೇಡಂ ಗಂಡನನ್ನು ಕೇಳಿದರು. "ನಿಮಗೆ ಇವರಿಂದ ಏನು ಬೇಕು? ಮನಸ್ಸು ಬಿಚ್ಚಿ ಹೇಳಿ."

ಗಂಡ ಮನಸ್ಸು ಬಿಚ್ಚಿದ. "ಮುಚ್ಚಳ."

"ಏನು?"

"ಕುಕ್ಕರಿಂದ್ ಮುಚ್ಚಳ. ಮೂರ್ ತಿಂಗ್ಳಾಯ್ತ್ ಮೇಡಂ, ಹೋಟ್ಲಗೆ ಉಂಡ್ ಉಂಡ್ ಹೊಟ್ಟಿ ಹಾಳಾಯ್ತ್. ಇವ್ಳ್ ಬಂದ್ರೂ ಅಡ್ಡಿಲ್ಲೆ, ಬರ್ದಿದ್ರೂ ಅಡ್ಡಿಲ್ಲೆ."

ಸೋದರಮಾವ ಅಂಗಿ ಎಳೆದ. ಗಂಡ ಕೈ ಕೊಡವಿದ. "ಎಂತ ಎಳೂದ್ ನೀವ್? ನನ್ನ್ ಮುಚ್ಚಳ ನಾ ಕೇಂಬುಕಾಗ್ದಾ?" ಎಂದು ಮೇಜಿನ ಮೇಲೆ ಗುದ್ದಿದ. ಸ್ಟೀಲ್ ಲೋಟ ಹಾರಿ ಬಿದ್ದಿತು. ಹುಡುಗಿ ಮೇಜಿನ ಕೆಳಗಿದ್ದಳು.

ಮೇಡಂ ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. "ಮಗೂ, ನೀನು ಯಾರ ಜೊತೆ ಇರುತ್ತೀ?"

ಮೂರು ತಿಂಗಳು ನಮ್ಮೊಂದಿಗೆ ಒಂದು ಮಾತನ್ನೂ ಆಡದ ಮಗು ಮೇಜಿನ ಕೆಳಗಿನಿಂದ ಹೇಳಿತು. "ಮುಚ್ಚಳ ಯಾರ್ ಹತ್ರ ಇತ್ತೋ, ಅವ್ರ್ ಒಟ್ಟಿಗೆ."

ಗಂಡ ನನ್ನ ಕಡೆ ಕೈಚಾಚಿದ. ನಾನು ಪುಸ್ತಕ ತೆರೆದು ತೋರಿಸಿದೆ. ಸಾಮಾನನ್ನು ಇಟ್ಟವರಿಗೇ ಕೊಡಬೇಕು, ಇಟ್ಟವರ ಸಹಿ ಬೇಕು, ಇದರಲ್ಲಿ ಅವನ ಹೆಸರಿಲ್ಲ. ಅವನು ನನ್ನ ಮುಖ ನೋಡಿದ. ಇಪ್ಪತ್ತೆರಡು ವರ್ಷಗಳಿಂದ ನಾನು ಅಭ್ಯಾಸ ಮಾಡಿಕೊಂಡ ಮುಖ ಅದು. ಅವನು ಕೈ ಹಿಂದಕ್ಕೆಳೆದುಕೊಂಡ. ಮೇಡಂ 'ಅಜ್ಜಿಯ ಮನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಅವನು ಹೋದ ಮೇಲೆ ತಾಯಿ ಸಹಿ ಹಾಕಿ ಮುಚ್ಚಳ ತೆಗೆದುಕೊಂಡಳು. ವಿಸಿಲನ್ನು ಮಗಳು ಹಿಡಿದುಕೊಂಡಳು. ರಿಕ್ಷಾ ಹತ್ತುವಾಗ, ಲೋಪವೊಂದನ್ನು ಕಂಡೂ ಸುಮ್ಮನಿರಲಾರದೆ ನಾನು ಹೇಳಿದೆ. "ಅಜ್ಜಿ, ನಿಮ್ಮ ಮನೆಯಲ್ಲಿ ಕುಕ್ಕರೇ ಇಲ್ಲ. ನಾನು ನೋಡಿದ್ದೇನೆ."

"ಕುಕ್ಕರ್ ನೆರೆಮನಿಂದ್ ಎರವಲು ತಕಂಬುದ್ ಅಮ್ಮ" ಎಂದಳು ಅಜ್ಜಿ, ಗತ್ತಿನಿಂದ ಕುಳಿತು. "ಮುಚ್ಚಳ ಮಾತ್ರ ನಮ್ದೇ."