ಕುರ್ಚಿಯನ್ನು ಅನುಮತಿಯಿಲ್ಲದೆ ಬಿಟ್ಟುಕೊಟ್ಟ ಬಗ್ಗೆ

ಸುತ್ತೋಲೆ ಸಂಖ್ಯೆ: ಕುರ್ಚಿ/ದಯೆ/ತುರ್ತು
ವಿಷಯ: ಕಚೇರಿ ವೇಳೆಯಲ್ಲಿ ಸಿಬ್ಬಂದಿಯು ಪೂರ್ವಾನುಮತಿಯಿಲ್ಲದೆ ಒಳ್ಳೆಯವರಾಗುತ್ತಿರುವ ಕುರಿತು.
ಉಲ್ಲೇಖ: ಅಧೀಕ್ಷಕರ ಮೌಖಿಕ ಕೂಗಾಟ.

ಇದೆಲ್ಲ ನಡೆದದ್ದೇ, ಸುಳ್ಳಾಗಿದ್ದರೆ ಈ ಕಚೇರಿಯ ಗೋಡೆ ಗಡಿಯಾರ ಇವತ್ತೇ ಸರಿಯಾದ ಸಮಯ ತೋರಿಸಲಿ ಎಂದು ಆಣೆಯಿಟ್ಟು ಈ ಮೂಲಕ ತಿಳಿಸಲಾಗಿದೆ.

ಕೊನೆಯ ಕೌಂಟರಿನ ಗುಮಾಸ್ತೆ, ಎಲ್ಲರ ಬಾಯಲ್ಲೂ ಅಕ್ಕ, ಸಾಲಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ ಅಜ್ಜಿಯೊಬ್ಬರಿಗೆ ತನ್ನ ಕುರ್ಚಿಯನ್ನು ಕೌಂಟರಿನ ಮೇಲಿಂದಲೇ ದಾಟಿಸಿ, ತಾನು ನಿಂತು ಕೆಲಸ ಮಾಡಿದ್ದು ಇಲಾಖೆಯ ಗಮನಕ್ಕೆ ಬಂದಿದೆ. ಅದನ್ನು ಕಂಡು ಪಕ್ಕದ ಗುಮಾಸ್ತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಕುರ್ಚಿಯೂ ಹೋಯಿತು. ಮಧ್ಯಾಹ್ನದೊಳಗೆ ಸಿಬ್ಬಂದಿಯೆಲ್ಲ ನಿಂತು, ಸಾರ್ವಜನಿಕರೆಲ್ಲ ಕಾಲು ಚಾಚಿ ಕೂತಿದ್ದರು. ನಿಂತವರಿಗೆ ತೂಕಡಿಕೆ ಬಾರದ ಕಾರಣ ಕಡತಗಳು ಚಲಿಸತೊಡಗಿದವು. ಕಡತಗಳು ಚಲಿಸಿದ ಕಾರಣ ಧೂಳೆದ್ದು ಮೇಲಧಿಕಾರಿಗಳಿಗೆ ಸೀನು ಹತ್ತಿತು.

ಆದ್ದರಿಂದ ಅಕ್ಕನನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ವರ್ಗಾಯಿಸಲು ತೀರ್ಮಾನಿಸಲಾಯಿತು. ದಿನವಿಡೀ ಒಂದು ನರಪಿಳ್ಳೆಯ ಮುಖವೂ ಕಾಣದೆ ಹೇಗಪ್ಪಾ ಇರೋದು ಎಂದು ಅಕ್ಕನಿಗೆ ಸಂಕಟವಾಯಿತಾದರೂ ಸದರಿ ಸಂಕಟವನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಿರುವುದಿಲ್ಲ.

ಇನ್ನು ಮುಂದೆ:

1. ದಯೆ ಬಂದ ಸಿಬ್ಬಂದಿಯು ಲಿಖಿತವಾಗಿ ಅನುಮತಿ ಕೋರತಕ್ಕದ್ದು. ಅನುಮತಿ ಬರುವವರೆಗೆ ಸಾರ್ವಜನಿಕರು ತಮ್ಮ ಸುಸ್ತನ್ನು ಹಾಗೆಯೇ ಕಾಪಾಡಿಕೊಳ್ಳತಕ್ಕದ್ದು.

2. ಮುಗುಳ್ನಗೆಯಲ್ಲಿ ಹಲ್ಲು ಕಾಣಿಸಲು ಅಧೀಕ್ಷಕರ, ದವಡೆ ಕಾಣಿಸಲು ಮೇಲಧಿಕಾರಿಗಳ ಒಪ್ಪಿಗೆ ಕಡ್ಡಾಯ.

3. ಉಪಕಾರ ಮಾಡಿದ ಮೇಲೆ ಮನಸ್ಸಿಗಾಗುವ ಹಿತವು ಕಚೇರಿ ವೇಳೆಯಲ್ಲಿ ಉತ್ಪತ್ತಿಯಾದ್ದರಿಂದ ಇಲಾಖೆಯ ಸ್ವತ್ತು, ಮನೆಗೆ ಒಯ್ಯುವಂತಿಲ್ಲ. ಪಕ್ಕದ ಕೌಂಟರಿನ ಗುಮಾಸ್ತ ಒಯ್ದಿರುತ್ತಾನೆ. "ಏನ್ರೀ, ನೀವೇ ಪಾತ್ರೆ ತೊಳೀತಿದ್ದೀರಾ? ಜ್ವರ ಗಿರ ಬಂತಾ?" ಎಂದು ಆತನ ಪತ್ನಿ ಹಣೆ ಮುಟ್ಟಿ ನೋಡಿದ್ದನ್ನು ಸಾಕ್ಷ್ಯವೆಂದು ಪರಿಗಣಿಸಲಾಗಿದೆ.

4. ವರ್ಗಾವಣೆ ಆದೇಶ ಕೊಡಲು ಅಧೀಕ್ಷಕರು ಖುದ್ದಾಗಿ ಮೆಟ್ಟಿಲಿಳಿದು ಕೌಂಟರಿನ ಬಳಿ ಬಂದಾಗ ಅವರ ಮಂಡಿ ಲಟಕ್ಕೆಂದಿತು. "ಅಯ್ಯೋ ಸಾರ್, ಮೊದ್ಲು ಕೂತ್ಕೊಳ್ಳಿ, ಆಮೇಲೆ ಬೈಯೋರಂತೆ" ಎಂದಳು ಅಕ್ಕ. ಕೆಲಸ ಮುಗಿದರೂ ಹಿತವಾಗಿದೆಯೆಂದು ಕೂತೇ ಇದ್ದ ಅಜ್ಜಿ ತಕ್ಷಣ ಎದ್ದರು. "ಬಾ ಮಗಾ. ನಿನ್ನ ಮುಖ ನೋಡಿದ್ರೆ, ಕೂತ್ಕೋ ಅಂತ ಯಾರೂ ಪ್ರೀತಿಯಿಂದ ಹೇಳಿಲ್ಲ ಅನ್ಸತ್ತೆ." ಅಧೀಕ್ಷಕರು ಕೂತರು. ಅವರನ್ನು ಕಂಡು ಕುರ್ಚಿ ಬಿಟ್ಟೆದ್ದವರು ಸೇವಾವಧಿಯುದ್ದಕ್ಕೂ ಲೆಕ್ಕವಿಲ್ಲದಷ್ಟು ಮಂದಿ. ಎಲ್ಲರೂ ಹೆದರಿ ಎದ್ದವರು. ಕೂರಲಿ ಪಾಪ ಎಂದು ಎದ್ದವರು ಈ ಅಜ್ಜಿಯೊಬ್ಬರೇ. ಕುರ್ಚಿ ಗಡಗಡ ಅಲುಗಾಡಿತು. ಅಧೀಕ್ಷಕರು ಬಗ್ಗಿ ನೋಡಿ, ವರ್ಗಾವಣೆ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೋಟು ಕಾಲಿನಡಿ ತುರುಕಿದರು.

5. ಸದರಿ ಆದೇಶವು ಈಗಲೂ ಜಾರಿಯಲ್ಲಿದೆ. ಆದರೆ ಕುರ್ಚಿಯಲ್ಲಿ ಯಾರಾದರೂ ಕೂತಿರುವವರೆಗೆ ಅದನ್ನು ಹೊರತೆಗೆಯತಕ್ಕದ್ದಲ್ಲ. ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳುವುದು ಸಾರ್ವಜನಿಕರ ಜವಾಬ್ದಾರಿ.

ಸಹಿ/-
(ನಿಂತುಕೊಂಡೇ)
ಅಧೀಕ್ಷಕರು

ಪ್ರತಿಗಳು:
1. ಕೊನೆಯ ಕೌಂಟರಿನ ಅಕ್ಕನಿಗೆ, ನೆಮ್ಮದಿಗಾಗಿ.
2. ನೆಲಮಾಳಿಗೆಯ ಇಲಿಗಳಿಗೆ, ಯಾರೂ ಬರುವುದಿಲ್ಲವೆಂಬ ಮಾಹಿತಿಗಾಗಿ.
3. ಇದನ್ನು ಆರಾಮಾಗಿ ಕೂತು ಓದಿದ ತಮಗೆ: ಕೂಡಲೇ ಎದ್ದು ಹಿಂದೆ ತಿರುಗಿ ನೋಡತಕ್ಕದ್ದು. ಯಾರೋ ನಿಂತಿದ್ದಾರೆ.