ಆರು ಲಕ್ಷದ ಅಡುಗೆಮನೆ

ಅಡುಗೆಮನೆ ರಿಪೇರಿಗೆ ಮೂರು ಲಕ್ಷ ಎಂದು ಗಂಡಹೆಂಡತಿ ಕೂತು ಬರೆದ ಪಟ್ಟಿಯನ್ನು ನೇತ್ರಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಂದಿನಿಂದ ಚಂದ್ರಮೌಳಿಗೆ ತಣ್ಣೀರು ಕುಡಿಯಲೂ ಮನಸ್ಸಾಗುತ್ತಿರಲಿಲ್ಲ. ಬ್ಯಾಂಕಿನಲ್ಲಿದ್ದದ್ದೇ ಮೂರು ಲಕ್ಷ. ಆ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಮನಸ್ಸಿನಲ್ಲೇ ಹಾಸನದವರೆಗೂ ಓಡಿಸಿಕೊಂಡು ಬಂದಿದ್ದ.

ಭಾನುವಾರ ಬೆಳಿಗ್ಗೆ ಹಾಲು ತರುತ್ತೇನೆಂದು ಹೊರಟವನು ಬೈಕನ್ನು ಸೀದಾ ದಂಡಿಗನಹಳ್ಳಿಗೆ, ಲಕ್ಕಯ್ಯ ಮೇಸ್ತ್ರಿಯ ಮನೆಗೆ ಬಿಟ್ಟ. ಅಳತೆಗೆ ಬಂದಾಗ ಖರ್ಚು ಆರು ಲಕ್ಷ ಅಂದುಬಿಡು, ಹೆಂಡತಿ ತಾನಾಗೇ ಕೈಬಿಡುತ್ತಾಳೆ ಎಂದು ವಿವರಿಸಿದ.

"ಸುಳ್ಳು ಏಳಕ್ಕೆ ಒಂಥರಾ ಆಯ್ತದೆ ಸಾ," ಎಂದ ಲಕ್ಕಯ್ಯ. ಐನೂರರ ನೋಟು ಕಂಡ ಮೇಲೆ ಅಷ್ಟೇನೂ ಆಗಲಿಲ್ಲ.

ಹನ್ನೊಂದಕ್ಕೆ ಮೇಸ್ತ್ರಿ ಬಂದ. ಯಾರೂ ಕರೆಯದಿದ್ದರೂ ಟೇಪಿನ ಇನ್ನೊಂದು ತುದಿ ಹಿಡಿಯಲು ಪಕ್ಕದ ಮನೆಯ ದಾಕ್ಷಾಯಣಮ್ಮ ಬಂದರು. ಒಲೆ ಅಲ್ಲಿರಬಾರದು, ಕಿಟಕಿ ಇಲ್ಲಿರಬೇಕು ಎಂದು ಇಡೀ ಮನೆಯನ್ನೇ ತಿರುಗಿಸಿ ಇಟ್ಟರು. ಲಕ್ಕಯ್ಯ ನಾಡಿ ನೋಡುವ ಡಾಕ್ಟರಂತೆ ಗೋಡೆ ತಟ್ಟಿ, ಕಿವಿಗೊಟ್ಟು, ನಿಟ್ಟುಸಿರುಬಿಟ್ಟ. "ಆರು ಲಕ್ಷ ಆಯ್ತದೆ ಕಣವ್ವ."

ಚಂದ್ರಮೌಳಿ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದ. ಬಾತ್‌ರೂಮಿನಲ್ಲಿ ಎರಡು ಸಲ ಅಭ್ಯಾಸ ಮಾಡಿದ್ದ.

ನೇತ್ರಾ ತಿರುಗಿ ಒಳಗೆ ಹೋದಳು. ಅವನ ಕಿವಿಯಲ್ಲಿ ಕಾರಿನ ಹಾರ್ನು ಮೊಳಗತೊಡಗಿತು.

"ಆರಕ್ಕೇ ಮುಗಿಸ್ತಾನಾ? ಹೊಳೆನರಸೀಪುರದಲ್ಲಿ ನಮ್ಮ ತಂಗಿಗೆ ಎಂಟಾಯ್ತು. ಬಿಡಬ್ಯಾಡ ಕಣೇ ನೇತ್ರಾ," ಎಂದು ದಾಕ್ಷಾಯಣಮ್ಮ ಒಳಕ್ಕೆ ಕೂಗಿದರು.

ನೇತ್ರಾ ತಟ್ಟೆ ಹಿಡಿದು ಬಂದಳು. ಎಲೆ, ಅಡಿಕೆ, ತೆಂಗಿನಕಾಯಿ, ಮೇಲೆ ಐದು ಸಾವಿರ ಅಡ್ವಾನ್ಸು. ಚನ್ನರಾಯಪಟ್ಟಣದ ಆ ಬೀದಿಯಲ್ಲಿ ಜನರೆದುರು ತಾಂಬೂಲ ಕೈ ಬದಲಾಯಿಸಿದರೆ ರೇಟಿನ ಮಾತು ಮುಗಿದಂತೆ. ಗಂಡ ಬಾಯಿ ತೆರೆಯುವಷ್ಟರಲ್ಲಿ ತಟ್ಟೆ ಲಕ್ಕಯ್ಯನ ಕೈಯಲ್ಲಿತ್ತು.

"ಮೂರು ಲಕ್ಷದ ಚೀಟಿ ಎತ್ತಿದೀನಿ ರೀ," ಎಂದಳು ಮೆಲ್ಲಗೆ. "ನಿಮ್ಮ ಕಾರಿಗೆ ಅಂತ. ಆಸೆಪಡ್ತಿದ್ರಲ್ಲ, ಹಬ್ಬಕ್ಕೆ ಕೊಡೋಣ ಅಂತ ಮುಚ್ಚಿಟ್ಟಿದ್ದೆ. ಏನ್ ಮಾಡೋದು, ಬ್ಯಾಂಕಲ್ಲಿರೋ ಮೂರಕ್ಕೆ ಅದನ್ನೂ ಸೇರಿಸಿದ್ರೆ ಸರಿಹೋಗುತ್ತೆ."

ಈ ಸಲ ಚಂದ್ರಮೌಳಿ ಅಭ್ಯಾಸವಿಲ್ಲದೆಯೇ ಕುಸಿದ.

ಹೇಗೋ ಎದ್ದು, ಗೇಟಿನ ಬಳಿ ಮೇಸ್ತ್ರಿಯನ್ನು ಹಿಡಿದು, ಒಳಗೆ ಹೋಗಿ ನಿಜವಾದ ರೇಟು ಹೇಳಿಬಿಡಯ್ಯ ಎಂದು ಅಂಗಲಾಚಿದ.

"ಅದಕ್ಕೇನು, ಏಳ್ತೀನಿ ಸಾ," ಎಂದ ಲಕ್ಕಯ್ಯ, ತೆಂಗಿನಕಾಯಿಯನ್ನು ಚೀಲಕ್ಕಿಳಿಸುತ್ತಾ. "ಮೊದ್ಲು ಆರು ಅಂತ ಯಾಕಂದೆ ಅಂತ ಅಮ್ಮಾವ್ರು ಕೇಳಿದ್ರೆ, ಅದ್ನ ಮಾತ್ರ ನೀವೇ ಏಳ್ಬೇಕು."

ಚಂದ್ರಮೌಳಿ ಗೇಟು ತೆರೆದು ಅವನಿಗೆ ದಾರಿ ಬಿಟ್ಟ.