ಹದಿನೇಳನೇ ಪಿಸ್ತಾ ಗಿಡಕ್ಕೆ ಚಹಾ ಕೊಡುತ್ತಿರುವ ಕುರಿತು

ಉಪ್ಪು ಮತ್ತು ಬರ ಸಹಿಷ್ಣುತಾ ವಿಭಾಗ
ಪಿಸ್ತಾ ಸಂಶೋಧನಾ ತೋಟ, ಕೆರ್ಮಾನ್ ಸೀಮೆ

ಸಂಖ್ಯೆ: ಉಬಸ/ಪಿಸ್ತಾ/17/ಚಹಾ-3
ದಿನಾಂಕ: ತೀರ್ ತಿಂಗಳ 12

ವಿಷಯ: ಪ್ರಯೋಗದ ಗಿಡಗಳಿಗೆ ಸಿಬ್ಬಂದಿ ತೋರುತ್ತಿರುವ ಅನಧಿಕೃತ ಕರುಣೆ ಹಾಗೂ 17ನೇ ಗಿಡವನ್ನು ಕೀಳುವ ಬಗ್ಗೆ.

ಉಲ್ಲೇಖ: 1) ಪ್ರಯೋಗಾಲಯದ ಮಣ್ಣಿನ ವರದಿ.
2) ಮಾಲಿ ಮಶ್ ಯದುಲ್ಲಾ ಅವರ ಹೇಳಿಕೆ.

ನಾಲ್ಕನೇ ಸಾಲಿನ ಇಪ್ಪತ್ತು ಗಿಡಗಳಿಗೆ ಹದಿನೈದು ದಿನಕ್ಕೊಮ್ಮೆ ಉಪ್ಪುನೀರು ಮಾತ್ರ ಕೊಡಲಾಗುತ್ತಿದ್ದು, ಹತ್ತೊಂಬತ್ತು ಬಾಡಿರುತ್ತವೆ. ಹದಿನೇಳನೆಯದು ಮಾತ್ರ ಹಸಿರಾಗಿದ್ದ ಕಾರಣ, ಉಪ್ಪನ್ನು ಬೇರಿನಲ್ಲೇ ತಡೆದು ಎಲೆಗೆ ಬಿಡದ ವಂಶವಾಹಿ ಅದರಲ್ಲಿರಬೇಕೆಂದು ಎಂಟು ತಿಂಗಳು ಹುಡುಕಲಾಯಿತು. ವಂಶವಾಹಿ ದೊರೆಯಲಿಲ್ಲ. ಬುಡದ ಮಣ್ಣಿನಲ್ಲಿ ಚಹಾ ಸೊಪ್ಪು, ಏಲಕ್ಕಿ ಸಿಪ್ಪೆ ಮತ್ತು ಅರ್ಧ ಕರಗಿದ ಸಕ್ಕರೆ ತುಂಡು ದೊರೆತಿರುತ್ತವೆ.

ವಿಚಾರಣೆಯಲ್ಲಿ ಮಶ್ ಯದುಲ್ಲಾ ಅವರು, "ಖಾನುಂ, ಅಮ್ಮಾವ್ರೇ, ಎದುರಿಗೆ ಒಬ್ರು ಬಾಯಾರಿ ನಿಂತಿರುವಾಗ 'ತಗೊಳ್ಳಿ' ಅನ್ನದೆ ಚಾ ಕುಡಿಯೋಕಾಗುತ್ತಾ? ನಾನು ಉಪಚಾರಕ್ಕೆ ಅಂದೆ. ಅದು ಬೇಡ ಅನ್ನಲಿಲ್ಲ. ನಾನೇನ್ಮಾಡ್ಲಿ?" ಎಂದಿರುತ್ತಾರೆ. ಅಡುಗೆಯ ಗೊಲಂದಾಮ್ ಅವರು ಯಾರೂ ಕೇಳದಿದ್ದರೂ, "ಯದುಲ್ಲಾ, ನಿನ್ನ ವಂಶವಾಹಿಗೆ ಇವತ್ತು ಸಕ್ಕರೆ ಒಂದೋ ಎರಡೋ?" ಎಂದಿದ್ದನ್ನೂ ದಾಖಲಿಸಲಾಗಿದೆ.

ಆದ್ದರಿಂದ ಎಲ್ಲರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ:

1. ಗಿಡಗಳ ಎದುರು ಚಹಾ ಕುಡಿಯುವಂತಿಲ್ಲ. ಅನಿವಾರ್ಯವಾದಲ್ಲಿ ಬೆನ್ನು ತಿರುಗಿಸಿ, ಹೀರುವ ಸದ್ದಾಗದಂತೆ ಕುಡಿಯತಕ್ಕದ್ದು.

2. ಉಪಚಾರ ಮಾಡದೆ ಇರಲಾರದವರು ನಮ್ಮ ರೂಢಿಯಂತೆ ಮೂರು ಸಲ ಕೇಳತಕ್ಕದ್ದು. ಮೂರು ಸಲವೂ ಗಿಡ ಮೌನವಾಗಿದ್ದಲ್ಲಿ ಅದನ್ನು ದೃಢ ನಿರಾಕರಣೆಯೆಂದು ಪರಿಗಣಿಸತಕ್ಕದ್ದು. ಗಿಡಗಳನ್ನು ಏನೇ ಕೇಳಿದರೂ ಈ ನಿಯಮವೇ ಅನ್ವಯ.

3. ಉಪ್ಪುನೀರು ಹಾಕುವ ಮುನ್ನ ಗಿಡದ ಕ್ಷಮೆ ಕೇಳಲು ಅಡ್ಡಿಯಿಲ್ಲ. ಆದರೆ ಅಳುವಂತಿಲ್ಲ, ಕಣ್ಣೀರಿನಿಂದ ಉಪ್ಪಿನ ಪ್ರಮಾಣ ಏರುಪೇರಾಗುತ್ತದೆ. ಈಗಾಗಲೇ ಅತ್ತವರು ಹನಿಗಳ ಸಂಖ್ಯೆಯನ್ನು ಗಿಡವಾರು ತಿಳಿಸತಕ್ಕದ್ದು.

4. ಮಧ್ಯಾಹ್ನ ಕೊಡೆ ಹಿಡಿದು ಗಿಡದ ಪಕ್ಕ ಆಕಸ್ಮಿಕವಾಗಿ ನಿಲ್ಲಬಹುದು. ದಿನಾಲೂ ಒಂದೇ ಗಿಡದ ಪಕ್ಕ ಆಕಸ್ಮಿಕವಾಗಿ ನಿಲ್ಲುವಂತಿಲ್ಲ.

5. ವಂಶವಾಹಿ ಇಲ್ಲದ ಗಿಡವನ್ನು ಕೀಳುವುದು ವಿಭಾಗದ ನಿಯಮ. ಅದರಂತೆ 17ನೇ ಗಿಡವನ್ನು ಈ ತಿಂಗಳ 15ರ ಬೆಳಿಗ್ಗೆ ಹತ್ತಕ್ಕೆ ಕೀಳಲಾಗುವುದು. ಎಂಟು ತಿಂಗಳು ನಮ್ಮ ಅತಿಥಿಯಾಗಿದ್ದವರನ್ನು ಕೇಳದೆ ಎಬ್ಬಿಸುವುದು ಸಭ್ಯತೆಯಲ್ಲವಾದ್ದರಿಂದ, ಮಶ್ ಯದುಲ್ಲಾ ಅವರು ಮೊದಲು ಗಿಡದ ಒಪ್ಪಿಗೆಯನ್ನು ಮೂರು ಸಲ ಕೇಳತಕ್ಕದ್ದು. ಉತ್ತರವನ್ನು ಕಲಂ 2ರಂತೆ ನಿರ್ಧರಿಸಲಾಗುವುದು.

6. ಗಿಡ ನಿರಾಕರಿಸಿದಲ್ಲಿ ಬಲವಂತ ಮಾಡುವಂತಿಲ್ಲ. ಅದು ಪ್ರಯೋಗದಿಂದ ಬಿಡುಗಡೆ ಹೊಂದಿ, ನಿಂತಲ್ಲೇ ಸಿಹಿನೀರಿಗೆ ಅರ್ಹವಾಗುತ್ತದೆ.

7. ಆ ದಿನ ಗುದ್ದಲಿ ತರುವ ಅಗತ್ಯ ಕಂಡುಬರುವುದಿಲ್ಲ. ಲೋಟ ತರಬಹುದು.

ಸಹಿ/-
ಮಹಿನ್‌ದುಖ್ತ್
ವಿಭಾಗಾಧಿಕಾರಿ

ಪ್ರತಿಗಳು:
1. ಮಶ್ ಯದುಲ್ಲಾ ಅವರಿಗೆ, ಎಚ್ಚರಿಕೆಗಾಗಿ.
2. ಗೊಲಂದಾಮ್ ಅವರಿಗೆ, ಅವರ ಪ್ರಶ್ನೆಗೆ ಉತ್ತರವಾಗಿ: ಎರಡು.
3. ಉಳಿದ ಹತ್ತೊಂಬತ್ತು ಗಿಡಗಳಿಗೆ, ವಿಷಾದದೊಂದಿಗೆ.
4. 17ನೇ ಗಿಡಕ್ಕೆ, ಓದಿ ಹೇಳತಕ್ಕದ್ದು.
5. ಹವಾಮಾನ ಕಚೇರಿಗೆ: 15ರಂದು ಬೆಳಿಗ್ಗೆ ಹತ್ತರಿಂದ ಹತ್ತೂಕಾಲರವರೆಗೆ ಗಾಳಿ ಬೀಸಿ ಗಿಡ ತಲೆಯಾಡಿಸದಂತೆ ನೋಡಿಕೊಳ್ಳಲು ಕೋರಿದೆ.